ಬೂದಿಗುಡ್ಡವೋ, ಮೊರೇರ ಮನೆಯೋ, ಮಸ್ಕಿಯೋ: ಒಂದೇ ಭಾನುವಾರ ಇದ್ದರೆ ಯಾವ ದಾರಿ?

"ಅಣ್ಣಾ, ಹಂಪಿ ನೋಡಿ ನೋಡಿ ಸಾಕಾಗಿದೆ. ಗಾಡಿ ತಗೊಂಡು ಎಲ್ಲಾದರೂ ಖಾಲಿ ಜಾಗಕ್ಕೆ ಹೋಗಬೇಕು. ರಾಜಸ್ಥಾನದ ತರ ಇರಬೇಕು. ಆದರೆ ರಾತ್ರಿ ಊಟಕ್ಕೆ ಮನೆಗೆ ಬಂದಿರಬೇಕು."

ದೀಪಾವಳಿ ಮುಗಿದು ಚಳಿ ಬೀಳುತ್ತಿದ್ದ ಹಾಗೆ ನನಗೆ ಈ ಫೋನು ಬರುತ್ತದೆ. ಮಾಡುವವರು ಬಳ್ಳಾರಿಯ ಪರಿಚಯದ ಹುಡುಗರು, ಇಲ್ಲವೇ ಬೆಂಗಳೂರಿನಿಂದ ರಜಕ್ಕೆ ಬಂದ ನೆಂಟರು. ನಾನು ಹತ್ತಾರು ವರ್ಷದಿಂದ ಬೈಕಿನಲ್ಲಿ ಈ ಕಡೆಯ ಗುಡ್ಡಗಳನ್ನು ಸುತ್ತುತ್ತಿದ್ದೇನೆ. ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಮ್ಮದು ಮರುಭೂಮಿ ಅಲ್ಲ. ಮುಂಗಾರಿನ ಮೋಡ ಪಶ್ಚಿಮ ಘಟ್ಟದಲ್ಲೇ ಬಹುಪಾಲು ಸುರಿದು, ಹಗುರಾಗಿ ನಮ್ಮ ಕಡೆ ಬರುತ್ತದೆ. ಹಾಗಾಗಿ ಮಳೆ ಕಡಿಮೆ, ಅಷ್ಟೇ. ಮರಳಿನ ದಿಣ್ಣೆ ಹುಡುಕಿದರೆ ಬೇಸಿಗೆಯಲ್ಲಿ ಒಣಗಿದ ಹಗರಿ ಹೊಳೆಯ ಪಾತ್ರ ಸಿಗಬಹುದು. ಉಳಿದದ್ದೆಲ್ಲಾ ಬಂಡೆ. ಯಾರೋ ಲಾರಿಗಟ್ಟಲೆ ತಂದು ಸುರಿದು ಹೋದಂತೆ ಒಂದರ ಮೇಲೊಂದು ಕೂತ ಗುಂಡುಕಲ್ಲು. ನಡುವೆ ಕರಿ ಎರೆ ಹೊಲ, ಜಾಲಿ ಕಂಟಿ, ಕುರಿ ಹಿಂಡು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಬಂದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಭತ್ತ ಬೆಳೆಯಿತು. ಕಾಲುವೆ ಮುಟ್ಟದ ಕಡೆ ನೆಲ ಮೊದಲಿನ ಹಾಗೇ ಇದೆ. ಒಂದೇ ರಸ್ತೆಯಲ್ಲಿ ಎಡಕ್ಕೆ ಹಸಿರು ಗದ್ದೆ, ಬಲಕ್ಕೆ ಸುಟ್ಟ ಗುಡ್ಡ. ರಾಜಸ್ಥಾನದಲ್ಲಿ ಇದು ಸಿಗಲ್ಲ ಬಿಡಿ.

ಈ ಖಾಲಿ ಜಾಗದಲ್ಲಿ ಅಲೆದವರ ಕತೆಗಳು ಮಾತ್ರ ಬೇಕಾದಷ್ಟಿವೆ. ಸುಮಾರು ಇನ್ನೂರು ವರ್ಷದ ಹಿಂದಿನಿಂದ ಕುದುರೆ ಮೇಲೆ, ಎತ್ತಿನ ಗಾಡಿಯಲ್ಲಿ, ಕಾಲ್ನಡಿಗೆಯಲ್ಲಿ ಒಬ್ಬರಾದ ಮೇಲೊಬ್ಬರು ಬಂದರು. ಬಂದದ್ದು ಬೇರೇನನ್ನೋ ಹುಡುಕಿಕೊಂಡು. ಒಬ್ಬರಿಗೆ ಅದಿರು ಬೇಕಿತ್ತು, ಇನ್ನೊಬ್ಬರಿಗೆ ಚಿನ್ನ, ಮತ್ತೊಬ್ಬರಿಗೆ ಕಂದಾಯ. ಸಿಕ್ಕಿದ್ದು ಇನ್ನೇನೋ. ಅವರು ಬರುವ ಮೊದಲೇ ಆ ಜಾಗಕ್ಕೆಲ್ಲ ನಮ್ಮ ಊರಿನವರು ಒಂದು ಹೆಸರು, ಒಂದು ಕತೆ ಇಟ್ಟಿದ್ದರು. ನನ್ನ ಅನುಭವದಲ್ಲಿ ಇವತ್ತಿಗೂ ಆ ಕತೆಯೇ ಸರಿಯಾದ ಅಡ್ರೆಸ್ಸು. ಮೊಬೈಲ್ ಮ್ಯಾಪು ಕೈ ಕೊಡುತ್ತದೆ, ಕತೆ ಕೈ ಕೊಡುವುದಿಲ್ಲ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಆಯ್ಕೆ ಮೂರು. ಬಳ್ಳಾರಿ ಸುತ್ತಮುತ್ತ ಸಂಗನಕಲ್ಲು ಮತ್ತು ಬೂದಿಗುಡ್ಡದ ಕುಡತಿನಿ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್, ಮೊರೇರ ಮನೆ ಇರುವುದು ಇಲ್ಲೇ. ರಾಯಚೂರು ಜಿಲ್ಲೆಯ ಮಸ್ಕಿ ಮತ್ತು ಹಟ್ಟಿ.

ಓದಲು ಪುರುಸೊತ್ತಿಲ್ಲದವರಿಗೆ ನೇರವಾಗಿ ಹೇಳುತ್ತೇನೆ. ಮನೆಯಲ್ಲಿ ಸಣ್ಣ ಮಕ್ಕಳು, ವಯಸ್ಸಾದವರು ಇದ್ದರೆ ಬಳ್ಳಾರಿಯ ದಾರಿ. ಕಾಲಲ್ಲಿ ಕಸುವಿದ್ದರೆ ಹಿರೇಬೆಣಕಲ್, ಬೇರೆ ಯೋಚನೆಯೇ ಬೇಡ. ಗಾಡಿ ಓಡಿಸುವುದೇ ಖುಷಿ, ದಾರಿಯುದ್ದಕ್ಕೂ ಮಾತಾಡುವ ಜೊತೆ ಇದ್ದರೆ ಮಸ್ಕಿ. ನನ್ನ ಓಟು ಎರಡನೆಯದಕ್ಕೆ. ಹಾಗಂತ ನಾನು ಜಾಸ್ತಿ ಸಲ ಹೋಗಿರುವುದು ಮೊದಲನೆಯದಕ್ಕೆ, ಹತ್ತಿರ ಅಲ್ವಾ.

ಹೊರಡುವ ಮೊದಲು

ನವೆಂಬರಿನಿಂದ ಫೆಬ್ರವರಿ ಮಧ್ಯದವರೆಗೆ ಮಾತ್ರ ಹೋಗಿ. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ಜೋಕು ಮಾಡುತ್ತೇವೆ. ಗುಡ್ಡದ ಮೇಲೆ ನಿಂತರೆ ಅದು ಜೋಕಲ್ಲ. ಏಪ್ರಿಲ್‌ನಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಬಂಡೆಯ ಮೇಲೆ ಕೈ ಇಡಲಾಗುವುದಿಲ್ಲ.

ಬೈಕಿನವರಿಗೆ ದೊಡ್ಡ ಶತ್ರು ಬಳ್ಳಾರಿ ಜಾಲಿ. ಹೆಸರೇನೋ ನಮ್ಮ ಊರಿನದು, ಗಿಡ ಬಂದದ್ದು ಅಮೆರಿಕ ಖಂಡದ ಕಡೆಯಿಂದ. ಎಲ್ಲಿ ನೀರಿಲ್ಲವೋ ಅಲ್ಲೆಲ್ಲ ಹಬ್ಬಿದೆ. ಅದರ ಮುಳ್ಳು ಚಪ್ಪಲಿಯ ಅಡಿಯನ್ನು ದಾಟಿ ಕಾಲಿಗೆ ಬರುತ್ತದೆ, ಟೈರು ಯಾವ ಲೆಕ್ಕ? ಒಮ್ಮೆ ಹಿರೇಬೆಣಕಲ್ ಹತ್ತಿರ ಒಂದೇ ಮಧ್ಯಾಹ್ನ ಎರಡು ಸಲ ಪಂಕ್ಚರ್ ಆಗಿ, ಎರಡನೇ ಸಲ ಗಾಡಿ ತಳ್ಳಿಕೊಂಡು ಬಂದೆ. ಆವತ್ತಿನಿಂದ ಡಾಂಬರು ಬಿಟ್ಟು ಗಾಡಿ ಇಳಿಸುವುದಿಲ್ಲ. ಊರಲ್ಲೇ ನಿಲ್ಲಿಸಿ ನಡೆಯುತ್ತೇನೆ.

ಇನ್ನೊಂದು ಎರೆ ಮಣ್ಣು. ಒಣಗಿದ್ದಾಗ ಸಿಮೆಂಟಿನ ಹಾಗೆ ಗಟ್ಟಿ, ಕೈ ತೂರುವಷ್ಟು ಅಗಲ ಬಿರುಕು. ಒಂದು ಜೋರು ಮಳೆ ಬಿತ್ತೋ, ಅಂಟಿನ ಮುದ್ದೆ. ಚಕ್ರ ಮತ್ತು ಮಡ್‌ಗಾರ್ಡಿನ ನಡುವೆ ಸೇರಿಕೊಂಡರೆ ಕಡ್ಡಿಯಿಂದ ಕೆರೆದೇ ತೆಗೆಯಬೇಕು. ಹಿಂದಿನ ದಿನ ಮಳೆಯಾಗಿದ್ದರೆ ಹೊಲದ ದಾರಿ ಬೇಡ.

ತಲಾ ಮೂರು ಲೀಟರ್ ನೀರು, ಟೋಪಿ, ಬೂಟು. ಸಾಕು.

ಬಳ್ಳಾರಿ ದಾರಿ: ಬಾರಿಸುವ ಕಲ್ಲು, ಸುಟ್ಟ ಬೂದಿ

ಈ ದಾರಿಯ ಮನುಷ್ಯ ರಾಬರ್ಟ್ ಬ್ರೂಸ್ ಫೂಟ್. ಹುಟ್ಟಿದ್ದು 1834ರಲ್ಲಿ. 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಸೇರಿದವನು. 1863ರಲ್ಲಿ ಮದ್ರಾಸ್ ಹತ್ತಿರದ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಒಂದು ಕೈಗೊಡಲಿ ಎತ್ತಿಕೊಂಡ. ಭಾರತದ ಪ್ರಾಗಿತಿಹಾಸ ಅನ್ನುವ ಓದು ಶುರುವಾದದ್ದೇ ಆ ಕಲ್ಲಿನಿಂದ ಅಂತ ಹೇಳುತ್ತಾರೆ. ಆಮೇಲೆ ನಮ್ಮ ಜಿಲ್ಲೆಯ ಗುಡ್ಡಗಳನ್ನೆಲ್ಲ ಅಳೆದು, 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಮೇಲೆ ದೊಡ್ಡ ಗ್ರಂಥವನ್ನೇ ಬರೆದ. ಇಲಾಖೆಯ ಕೆಲಸ ಬಂಡೆ, ಅದಿರು ನೋಡುವುದು. ಇವನ ಕಣ್ಣು ಮಾತ್ರ ಕಾಲಡಿ ಬಿದ್ದ ಕೊಡಲಿಕಲ್ಲು, ಮಡಕೆ ಚೂರಿನ ಮೇಲೆ.

ಸಂಗನಕಲ್ಲು ಬಳ್ಳಾರಿಯ ಈಶಾನ್ಯಕ್ಕೆ ಏಳೆಂಟು ಕಿಲೋಮೀಟರ್. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಬಿಸಿಲೇರುವ ಮೊದಲು ಹಿರೇಗುಡ್ಡ ಹತ್ತಿರುತ್ತೀರಿ. ಸಾವಿರಾರು ವರ್ಷದ ಹಿಂದೆ, ಕಬ್ಬಿಣ ಬರುವ ಮೊದಲು, ಇಲ್ಲಿ ಕಲ್ಲಿನ ಕೊಡಲಿಯ ಕಾರ್ಖಾನೆಯೇ ಇತ್ತು. ಗುಡ್ಡದ ಬೆನ್ನಿನ ಮೇಲೆ ಕರಿಕಲ್ಲಿನ ಒಂದು ಪಟ್ಟಿ ಹಾದುಹೋಗುತ್ತದೆ. ಡಾಲರೈಟ್ ಅನ್ನುತ್ತಾರೆ. ಕೊಡಲಿ ಮಾಡುತ್ತಿದ್ದದ್ದು ಅದರಿಂದ. ಬಂಡೆಯ ಮೇಲೆ ಕೊಡಲಿ ಉಜ್ಜಿ ಉಜ್ಜಿ ಆದ ತಗ್ಗುಗಳು ಈಗಲೂ ಇವೆ. ಬೆರಳಿಟ್ಟು ನೋಡಿ, ಸಾಣೆಕಲ್ಲಿನ ಹಾಗೆ ನುಣುಪು.

ಮಕ್ಕಳಿಗೆ ಇಷ್ಟವಾಗುವುದು ಬಾರಿಸುವ ಕಲ್ಲು. ಆ ಕರಿಕಲ್ಲಿನ ಪಟ್ಟಿಯ ಕೆಲವು ಬಂಡೆಗಳನ್ನು ಸಣ್ಣ ಕಲ್ಲಿನಿಂದ ತಟ್ಟಿದರೆ ಟಣ್ ಅನ್ನುತ್ತವೆ. ಕಲ್ಲಿನ ಸದ್ದಲ್ಲ, ಕಂಚಿನ ಗಂಟೆಯ ಸದ್ದು. ತಟ್ಟುತ್ತಿದ್ದ ಜಾಗದಲ್ಲಿ ಬಟ್ಟಲಿನಂಥ ತಗ್ಗು ಬಿದ್ದಿದೆ. ಎಷ್ಟು ತಲೆಮಾರು ಬಾರಿಸಿದರೆ ಅಷ್ಟು ತಗ್ಗು ಬೀಳಬೇಕು! ಪಕ್ಕದ ಬಂಡೆಗಳ ಮೇಲೆ ಉದ್ದ ಕೊಂಬಿನ, ಡುಬ್ಬದ ಗೂಳಿಗಳ ಗೀರುಚಿತ್ರ. 1892ರಲ್ಲೇ ಇದರ ಬಗ್ಗೆ ಬರಹ ಅಚ್ಚಾಗಿತ್ತು. ಆಮೇಲೆ ಹೊರಗಿನ ವಿದ್ವಾಂಸರು ಜಾಗವನ್ನು ಮರೆತೇಬಿಟ್ಟರು. ಇತ್ತೀಚಿನ ದಶಕಗಳಲ್ಲಿ ಮತ್ತೆ ಹುಡುಕಿ ದಾಖಲೆ ಮಾಡಿದರು. ಕುರಿ ಕಾಯುವವರು ಎಂದೂ ಮರೆತಿರಲಿಲ್ಲ ಬಿಡಿ.

ಮೊದಲ ಸಲ ನಾನು ಮ್ಯಾಪು ನಂಬಿಕೊಂಡು ಹೋಗಿ ಒಂದು ಕಲ್ಲು ಕ್ವಾರಿಯ ಮುಂದೆ ನಿಂತಿದ್ದೆ. ಲಾರಿಯವರು ಬೈದು ವಾಪಸ್ ಕಳಿಸಿದರು. ದಾರಿಯಲ್ಲಿ ಕುರಿ ಹುಡುಗ ಸಿಕ್ಕ. "ಗುಡ್ಡದ ಮೇಲೆ ಹಳೇ ಚಿತ್ರ ಎಲ್ಲಿವೆ ತಮ್ಮಾ?" ಅಂದೆ. ಮುಖ ನೋಡಿದ. "ಕಲ್ಲು ಬಾರಸಾಕ ಬಂದೀರೇನ್ರೀ?" ಅಂದ. ಹೌದು ಅಂದದ್ದೇ ತಡ, ಕುರಿಗಳನ್ನು ತಮ್ಮನ ಕೈಗೆ ಬಿಟ್ಟು ಮುಂದೆ ಮುಂದೆ ಓಡಿದ. ಅರ್ಧ ಗಂಟೆಯಲ್ಲಿ ಜಾಗದಲ್ಲಿದ್ದೆವು. ತಟ್ಟುವುದಾದರೆ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಕಲ್ಲಿನಿಂದ, ಮೆಲ್ಲಗೆ, ಹಳೇ ತಗ್ಗಿನಲ್ಲೇ ತಟ್ಟಿ. ಚಿತ್ರದ ಮೇಲೆ ಮಾತ್ರ ಬೇಡ. ಸುತ್ತಮುತ್ತ ಕ್ವಾರಿ ಕೆಲಸಕ್ಕೆ ಗುಡ್ಡದ ಎಷ್ಟೋ ಭಾಗ ಹೋಗಿದೆ. ಉಳಿದದ್ದನ್ನು ನಾವು ಹಾಳು ಮಾಡುವುದು ಬೇಡ.

ಬಿಸಿಲೇರಿದ ಮೇಲೆ ಊರಿಗೆ ವಾಪಸ್ ಬಂದು, ಒಗ್ಗರಣೆ ಮಿರ್ಚಿ ತಿಂದು, ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ವ ಮ್ಯೂಸಿಯಂ ನೋಡಿ. ಗುಡ್ಡ ನೋಡಿದ ಮೇಲೆ ನೋಡಿದರೆ ಚೆನ್ನ. ಮೊದಲೇ ನೋಡಿದರೆ ಎಲ್ಲ ಬರೀ ಕಲ್ಲಿನ ಹಾಗೆ ಕಾಣುತ್ತದೆ.

ಮಧ್ಯಾಹ್ನ ಮೂರರ ಮೇಲೆ ಕುಡತಿನಿ. ಹೊಸಪೇಟೆ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಲಾರಿಗಳು ಜಾಸ್ತಿ, ಧೂಳು ಇನ್ನೂ ಜಾಸ್ತಿ. ಇಲ್ಲಿ ಒಂದು ದೊಡ್ಡ ಬೂದಿಯ ದಿಬ್ಬ ಇದೆ. ನಾನು ಮೊದಲ ಸಲ ಚಹಾ ಅಂಗಡಿಯಲ್ಲಿ "ಬೂದಿ ಎಲ್ಲಿದೆ ಯಜಮಾನ್ರೇ?" ಅಂತ ಕೇಳಿದೆ. "ಅಗೋ, ಚಿಮಣಿ ಕಾಣ್ತಾವಲ್ಲ" ಅಂತ ಥರ್ಮಲ್ ಕಡೆ ಕೈ ತೋರಿಸಿದರು. ತಪ್ಪೇನಿಲ್ಲ. 1700 ಮೆಗಾವಾಟಿನ ಸ್ಥಾವರ ಕಲ್ಲಿದ್ದಲು ಸುಟ್ಟು ಬೂದಿ ಮಾಡುವುದು ಅಲ್ಲೇ. "ಅದಲ್ಲ, ರಾಕ್ಷಸನನ್ನು ಸುಟ್ಟ ಬೂದಿ" ಅಂದ ಮೇಲೆ ನಕ್ಕು, ಸರಿಯಾದ ದಾರಿ ಹೇಳಿದರು.

ಕ್ಯಾಪ್ಟನ್ ನ್ಯೂಬೋಲ್ಡ್ ಅಂತ ಒಬ್ಬ ಸೈನ್ಯದ ಅಧಿಕಾರಿ 1830ರ ದಶಕದಲ್ಲೇ ಈ ಬೂದಿದಿಬ್ಬಗಳನ್ನು ನೋಡಿ ತಲೆ ಕೆಡಿಸಿಕೊಂಡಿದ್ದ. ಜನ ಅವನಿಗೂ ಕತೆಯನ್ನೇ ಹೇಳಿದರು. ಭೀಮ ಹಿಡಿಂಬಾಸುರನನ್ನು ಕೊಂದು ಸುಟ್ಟ ಬೂದಿ ಇದು ಅಂತ. ಹಂಪಿಯ ಪಕ್ಕದ ನಿಂಬಾಪುರದಲ್ಲಿರುವ ಇಂಥದ್ದೇ ದಿಬ್ಬಕ್ಕೆ ವಾಲಿಯ ಚಿತೆಯ ಬೂದಿ ಅಂತಾರೆ. ಜ್ವಾಲಾಮುಖಿಯೋ, ಇಟ್ಟಿಗೆ ಭಟ್ಟಿಯೋ, ಏನಿದು ಅಂತ ಓದಿದವರು ವರ್ಷಗಟ್ಟಲೆ ವಾದ ಮಾಡಿದರು. ಸುಟ್ಟ ಸಗಣಿ ಅಂತ ಒತ್ತಿ ಹೇಳಿದವನು ಫೂಟ್. 1950ರ ದಶಕದಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥ ಒಂದು ದಿಬ್ಬ ಅಗೆದಾಗ ಅದು ದನದ ದೊಡ್ಡಿ ಅಂತ ಖಾತ್ರಿಯಾಯಿತು. ಬೂದಿಯ ಪದರದಲ್ಲಿ ದನಗಳ ಗೊರಸಿನ ಗುರುತು ಹಾಗೇ ಉಳಿದಿತ್ತು.

ಒಂದು ತುಣುಕು ಅಂಗೈ ಮೇಲೆ ಇಟ್ಟು ನೋಡಿ. ಕಲ್ಲಿನ ಹಾಗೆ ಕಾಣುತ್ತದೆ, ಹಿಡಿದರೆ ಬೆಂಡಿನಷ್ಟು ಹಗುರ. ಮೈತುಂಬ ತೂತು, ಅಲ್ಲಲ್ಲಿ ಗಾಜು ಕರಗಿ ಹರಿದ ಹಾಗೆ ಹೊಳಪು. ಸಗಣಿ ಕರಗಿ ಗಾಜಿನಂತಾಗಬೇಕಾದರೆ ಆ ಬೆಂಕಿ ಎಂಥದ್ದಿರಬೇಕು? ಯಾಕೆ ಹಾಗೆ ಸುಟ್ಟರು, ದನಗಳ ಹಬ್ಬವೋ, ರೋಗ ಬಂದದ್ದಕ್ಕೋ ಅನ್ನುವ ಜಗಳ ವಿದ್ವಾಂಸರಲ್ಲಿ ಈಗಲೂ ಇದೆ. ಸಂಕ್ರಾಂತಿಗೆ ದನ ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸುವುದಿಲ್ಲ. ನೋಡಿದ ತುಣುಕನ್ನು ಅಲ್ಲೇ ಇಟ್ಟು ಬನ್ನಿ.

ಈ ದಾರಿಯ ಕೊರತೆಯನ್ನೂ ಹೇಳಬೇಕು. ಖಾಲಿತನ ಇಲ್ಲ. ಗುಡ್ಡದ ಮೇಲೆ ನಿಂತರೂ ಬಳ್ಳಾರಿಯ ಸದ್ದು ಕೇಳುತ್ತದೆ. ಕುಡತಿನಿಯಲ್ಲಂತೂ ಹಿಂದೆ ಲಾರಿ ಹಾರನ್ನು, ಮುಂದೆ ಚಿಮಣಿ. ಮರುಭೂಮಿಯ ಮೌನ ಬೇಕು ಅಂತ ಫೋನು ಮಾಡಿದವರನ್ನು ನಾನು ಇಲ್ಲಿಗೆ ಕಳಿಸುವುದಿಲ್ಲ.

ಕೊಪ್ಪಳ ದಾರಿ: ಕುಳ್ಳರು ಕಟ್ಟಿದ ಊರು

ಮೌನ ಬೇಕಾದವರಿಗೆ ಹಿರೇಬೆಣಕಲ್. ಬಳ್ಳಾರಿಯಿಂದ ಕಂಪ್ಲಿ ದಾಟಿ ಗಂಗಾವತಿಗೆ ಅರವತ್ತು ಕಿಲೋಮೀಟರ್ ಆಸುಪಾಸು. ಅಲ್ಲಿಂದ ಕೊಪ್ಪಳದ ಕಡೆ ಇನ್ನೊಂದು ಹತ್ತು. ಮಳೆಗಾಲದಲ್ಲಿ ಅಣೆಕಟ್ಟಿನಿಂದ ಹೊಳೆಗೆ ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ. ಆಗ ಸುತ್ತಿ ಬರಬೇಕು. ಚಳಿಗಾಲದಲ್ಲಿ ಆ ತಾಪತ್ರಯ ಇಲ್ಲ.

ಗಾಡಿ ಊರಲ್ಲಿ ನಿಲ್ಲಿಸಿ. ಅಲ್ಲಿಂದ ಗುಡ್ಡ ಹತ್ತಲು ನಿಧಾನಕ್ಕೆ ನಡೆದರೆ ಒಂದು ಗಂಟೆ. ದಾರಿ ಕಷ್ಟದ್ದಲ್ಲ, ಆದರೆ ಕವಲು ಜಾಸ್ತಿ. ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಲೇಬೇಕು. ಕರಡಿ ಓಡಾಡುವ ಸೀಮೆ ಇದು, ಗುಂಡುಕಲ್ಲಿನ ಸಂದಿಗಳು ಅವುಗಳ ಮನೆ. ಬೆಳಕು ಬಿಟ್ಟ ಮೇಲೆ ಹತ್ತಿ, ಸಂಜೆ ಬೆಳಕಿರುವಾಗಲೇ ಇಳಿಯಿರಿ. ಕರೆದುಕೊಂಡು ಹೋದವರಿಗೆ ಒಂದು ದಿನದ ಕೂಲಿ ಕೊಡಿ, ಚೌಕಾಸಿ ಮಾಡಬೇಡಿ.

ಊರಲ್ಲಿ "ಬೃಹತ್ ಶಿಲಾ ಸಮಾಧಿ ಎಲ್ಲಿ?" ಅಂತ ಕೇಳಿದರೆ ಯಾರಿಗೂ ಅರ್ಥವಾಗಲ್ಲ. "ಮೊರೇರ ಮನೆ" ಅನ್ನಿ. ಗುಡ್ಡದ ಹೆಸರೇ ಮೊರ್ಯರ ಗುಡ್ಡ. ನನ್ನನ್ನು ಹತ್ತಿಸಿದ ಅಜ್ಜ ಹೇಳಿದ ಕತೆ ಇದು. ಮೊರೇರು ಅಂದರೆ ಮೊಳಕಾಲೆತ್ತರದ ಮಂದಿ. ಕುಳ್ಳರು, ಆದರೆ ಶಕ್ತಿ ಭಾರಿ. ಒಬ್ಬೊಬ್ಬರೇ ಚಪ್ಪಡಿ ಎತ್ತಿ ಮನೆ ಕಟ್ಟಿಕೊಂಡರು. "ಅಲ್ಲಜ್ಜಾ, ಇಷ್ಟು ದೊಡ್ಡ ಕಲ್ಲು ಎತ್ತೋರಿಗೆ ಇಷ್ಟು ಸಣ್ಣ ಮನಿ ಯಾಕ?" ಅಂದೆ. ಅಜ್ಜ ಬೀಡಿ ಹಚ್ಚಿಕೊಂಡು, "ಕುಳ್ಳರಿಗೆ ದೊಡ್ಡ ಮನಿ ಯಾಕ ಬೇಕಪಾ?" ಅಂದ. ನನ್ನ ಬಾಯಿ ಮುಚ್ಚಿತು.

ಮೇಲೆ ಹತ್ತಿ ನಿಂತಾಗ ಕತೆ ನಿಜ ಅನ್ನಿಸುತ್ತದೆ. ಸುಮಾರು 400 ಕಲ್ಲಿನ ರಚನೆಗಳು. ಮೂರು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಅಷ್ಟೇ ಮನೆ. ಕೆಲವು ಮೊಣಕಾಲೆತ್ತರ. ಕೆಲವು ನಿಂತವನ ತಲೆಗಿಂತ ಎತ್ತರ. ಕೆಲವಕ್ಕೆ ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ನಾನು ಆ ಕಿಂಡಿಯ ಅಂಚಿನ ಮೇಲೆ ಕೈಯಾಡಿಸಿದ್ದೇನೆ. ಉಳಿಯ ಹೊಡೆತ ಒಂದೊಂದೂ ಬೆರಳಿಗೆ ಸಿಗುತ್ತದೆ. ಕ್ರಿಸ್ತಪೂರ್ವ 800ರಿಂದ 200ರ ನಡುವಿನವು ಅಂತ ಲೆಕ್ಕ. ಸತ್ತವರಿಗಾಗಿ ಬದುಕಿದ್ದವರು ಕಟ್ಟಿದ್ದು. ಪಕ್ಕದಲ್ಲೇ ಒಂದು ಕೆರೆ. ಚಪ್ಪಡಿಗೆ ಕಲ್ಲು ತೆಗೆದ ತಗ್ಗಿನಲ್ಲಿ ನೀರು ನಿಂತದ್ದು.

ಇಲ್ಲೂ ಒಂದು ಬಾರಿಸುವ ಕಲ್ಲಿದೆ. ಸಂಗನಕಲ್ಲಿನದ್ದು ಗಂಟೆಯಾದರೆ ಇದು ನಗಾರಿ. ಎತ್ತರದ ಬಂಡೆಯೊಂದರ ತುದಿಯಲ್ಲಿ ಅರ್ಧಗೋಳದ ಹಾಗೆ ಕೂತಿದೆ. ಅಜ್ಜ ಒಂದು ಗುಂಡುಕಲ್ಲು ತಗೊಂಡು ಹೊಡೆದ. ಸದ್ದು ಎದುರು ಗುಡ್ಡಕ್ಕೆ ತಾಕಿ ವಾಪಸ್ ಬಂತು. ಆಮೇಲೆ ಏನೂ ಇಲ್ಲ. ಗಾಳಿ, ಒಂದು ಹಕ್ಕಿ, ಕೆಳಗೆಲ್ಲೋ ಭತ್ತದ ಗದ್ದೆಯಲ್ಲಿ ಟ್ರ್ಯಾಕ್ಟರ್. ರಾಜಸ್ಥಾನದ ತರ ಜಾಗ ಬೇಕು ಅಂದವರಿಗೆ ನಾನು ಕೊಡಬಹುದಾದದ್ದು ಈ ಒಂದು ಗಳಿಗೆ.

ಈ ಸೀಮೆಯಲ್ಲಿ ಅಲೆದ ಹೊರಗಿನವರಲ್ಲಿ ಜನರ ಬಾಯಲ್ಲಿ ಉಳಿದವನು ಫಿಲಿಪ್ ಮೆಡೋಸ್ ಟೇಲರ್. ಹದಿನೈದರ ಹುಡುಗ 1824ರಲ್ಲಿ ಭಾರತಕ್ಕೆ ಬಂದ. ನಿಜಾಮನ ಸೇವೆ ಸೇರಿದ. ಆಮೇಲೆ ಸುರಪುರದಲ್ಲಿ ಬಾಲಕ ವೆಂಕಟಪ್ಪ ನಾಯಕನ ಸಂಸ್ಥಾನ ನೋಡಿಕೊಂಡ. ಈ ಕಲ್ಲುಮನೆಗಳ ಬಗ್ಗೆ ಮೊದಮೊದಲು ಬರೆದವರಲ್ಲಿ ಅವನೂ ಒಬ್ಬ. ಜನ ಅವನನ್ನು ಮಹಾದೇವ ಬಾಬಾ ಅಂತ ಕರೆಯುತ್ತಿದ್ದರಂತೆ. ಬಿಳಿ ಅಧಿಕಾರಿಯೊಬ್ಬನಿಗೆ ಇಂಥ ಹೆಸರು ಸುಮ್ನೆ ಬರುವುದಿಲ್ಲ. ನಮ್ಮ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋಗೆ ಮಂತ್ರಾಲಯದಲ್ಲಿ ರಾಯರೇ ಮಾತಾಡಿ ಮಂತ್ರಾಕ್ಷತೆ ಕೊಟ್ಟರು ಅನ್ನುವ ಕತೆ ಎಲ್ಲರಿಗೂ ಗೊತ್ತಲ್ಲ, ಅದೇ ಸಾಲಿಗೆ ಇದನ್ನೂ ಸೇರಿಸಿ. ಹಿರೇಬೆಣಕಲ್ಲನ್ನು ಆಮೇಲೆ ಕೂಲಂಕಷವಾಗಿ ಅಳೆದು ಬರೆದವರಲ್ಲಿ ನಮ್ಮವರೇ ಆದ ಅ. ಸುಂದರ ಮುಖ್ಯರು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಈ ಗುಡ್ಡ ಸೇರಿತು.

ಹೊತ್ತು ಉಳಿದರೆ ಕೊಪ್ಪಳಕ್ಕೆ ಹೋಗಿ ಗವಿಮಠ, ಪಲ್ಕಿಗುಂಡು ನೋಡಬಹುದು. ಎರಡೂ ಕಡೆ ಅಶೋಕನ ಶಾಸನ. ಪಲ್ಕಿಗುಂಡಿನಲ್ಲಿ ಎರಡು ಬಂಡೆಗಳ ಮೇಲೆ ಚಪ್ಪಡಿಯೊಂದು ಪಲ್ಲಕ್ಕಿಯ ಹಾಗೆ ಕೂತಿದೆ, ಹೆಸರು ಅದರಿಂದಲೇ. ನಾನಾದರೆ ಅಷ್ಟು ಓಡುವುದಿಲ್ಲ. ಗುಡ್ಡದ ಮೇಲೆ ಇನ್ನೊಂದು ಗಂಟೆ ಕೂರುತ್ತೇನೆ.

ಕೊರತೆ? ಮೇಲೆ ನೆರಳಿಲ್ಲ, ಅಂಗಡಿ ಇಲ್ಲ, ಶೌಚಾಲಯ ಇಲ್ಲ. ಹೆಣ್ಣುಮಕ್ಕಳು ಜೊತೆಗಿದ್ದರೆ ಇದನ್ನು ಮೊದಲೇ ಹೇಳಿಬಿಡಿ, ಶೌಚಕ್ಕೆ ಗಂಗಾವತಿಯಲ್ಲೇ ಗಾಡಿ ನಿಲ್ಲಿಸಿ. ಮೊಳಕಾಲು ನೋವಿನವರಿಗೆ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ನಮ್ಮ ಅತ್ತೆಯವರನ್ನು ಒಮ್ಮೆ ಹತ್ತಿಸಿ, ಇಳಿಸುವಾಗ ಬೈಸಿಕೊಂಡದ್ದು ಇನ್ನೂ ಕಿವಿಯಲ್ಲಿದೆ.

ರಾಯಚೂರು ದಾರಿ: ಚಿನ್ನ ಹುಡುಕಲು ಹೋದವನಿಗೆ ಅಶೋಕ ಸಿಕ್ಕ

ಇದು ಗಾಡಿ ಓಡಿಸುವವರ ದಾರಿ. ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಮಸ್ಕಿ. ಹೋಗುವುದೇ ನೂರು ಕಿಲೋಮೀಟರ್ ದಾಟುತ್ತದೆ. ಹಟ್ಟಿಯವರೆಗೆ ಹೋದರೆ ಇನ್ನೂ ಜಾಸ್ತಿ. ಸಿಂಧನೂರಿನವರೆಗೆ ಭತ್ತ, ರೈಸ್ ಮಿಲ್ಲು, ಕಾಲುವೆ. ಅದು ದಾಟಿದ ಮೇಲೆ ನೆಲ ಬಣ್ಣ ಬದಲಿಸುತ್ತದೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ದೋಆಬ್ ಇದು. ವಿಜಯನಗರದವರೂ ಬಹಮನಿಯವರೂ ಇದೇ ನೆಲಕ್ಕಾಗಿ ತಲೆಮಾರುಗಟ್ಟಲೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ಆದಿಲ್‌ಶಾಹಿಯಿಂದ ರಾಯಚೂರನ್ನು ಗೆದ್ದುಕೊಂಡ. ಕಾರಿನ ಕಿಟಕಿಯಿಂದ ನೋಡಿದರೆ, ಇಷ್ಟು ಒಣ ನೆಲಕ್ಕೆ ಅಷ್ಟು ರಕ್ತವೇ ಅನ್ನಿಸುತ್ತದೆ. ಅದಕ್ಕೆ ಉತ್ತರ ಸ್ವಲ್ಪ ನೆಲದ ಅಡಿಯಲ್ಲೂ ಇತ್ತು: ಚಿನ್ನ.

ಬೀಡನ್ ಅನ್ನುವ ಗಣಿ ಎಂಜಿನಿಯರ್ ನಿಜಾಮನ ಸೀಮೆಯಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ. 1915ರಲ್ಲಿ ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಅವನಿಗೆ ಅಕ್ಷರ ಕಂಡಿತು. ಅದು ಅಶೋಕನ ಶಾಸನ. ಇದರಲ್ಲೇನು ದೊಡ್ಡದು? 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ ಮೇಲೆ ದೇಶದುದ್ದಕ್ಕೂ ಸಿಕ್ಕ ಶಾಸನಗಳಲ್ಲಿ ಇದ್ದದ್ದು "ದೇವಾನಂಪಿಯ ಪಿಯದಸಿ" ಅನ್ನುವ ಬಿರುದು ಮಾತ್ರ. ಇವನೇ ಅಶೋಕ ಅಂತ ಸಿಂಹಳದ ಹಳೇ ಗ್ರಂಥಗಳ ಆಧಾರದಲ್ಲಿ ಊಹಿಸಿದ್ದರು. ಮಸ್ಕಿಯ ಬಂಡೆಯಲ್ಲಿ ಮೊದಲ ಸಲ "ಅಸೋಕ" ಅಂತ ಹೆಸರೇ ಸಿಕ್ಕಿತು. ಊಹೆಗೆ ಸಾಕ್ಷಿ ಬಂತು. ಎಪ್ಪತ್ತೆಂಟು ವರ್ಷ ಕಾದ ಉತ್ತರ ನಮ್ಮ ಒಣ ಗುಡ್ಡದ ಗವಿಯಲ್ಲಿತ್ತು. ಆಮೇಲೆ ನಮ್ಮದೇ ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೇಗೋಳದಲ್ಲೂ ಅಶೋಕನ ಹೆಸರಿರುವ ಶಾಸನ ಸಿಕ್ಕವು.

ನೋಡಲು ಹೋದರೆ ಐದು ನಿಮಿಷದ ಕೆಲಸ. ಬಂಡೆಯ ಮೇಲೆ ಕೆಲವು ಸಾಲು, ಅರ್ಧ ಸವೆದಿದೆ. ಗೊತ್ತಿಲ್ಲದೆ ಹೋದ ನನ್ನ ಭಾವ "ಇಷ್ಟಕ್ಕೆ ಇಷ್ಟು ದೂರ ಕರ್ಕೊಂಡ್ ಬಂದ್ಯಾ?" ಅಂತ ಕೇಳಿದ್ದರು. ಶಾಸನದಲ್ಲಿರುವ ಒಂದು ಮಾತು ಹೇಳಿದೆ. ಧರ್ಮದಿಂದ ನಡೆದರೆ ಸಣ್ಣ ಮನುಷ್ಯನೂ ಸ್ವರ್ಗ ಪಡೆಯಬಹುದು, ಅದು ದೊಡ್ಡವರಿಗೆ ಮಾತ್ರ ಅಂದುಕೊಳ್ಳಬಾರದು ಅಂತ ಇದೆ. ಭಾವ ಸುಮ್ಮನಾಗಿ ಮತ್ತೊಮ್ಮೆ ಬಗ್ಗಿ ನೋಡಿದರು. ಅಕ್ಷರಗಳ ಗುರುತು ಇಷ್ಟಿಷ್ಟೇ ಹಿಡಿಯುತ್ತಾ ಅರ್ಧ ಗಂಟೆ ಕೂತರು. ಮಸ್ಕಿಗೆ ಹೋಗುವವರು ಮನೆಯಲ್ಲೇ ಸ್ವಲ್ಪ ಓದಿಕೊಂಡು ಹೋಗಬೇಕು ಅನ್ನುವುದು ಅದಕ್ಕೇ.

ಹಟ್ಟಿಗೆ ಮುಂದುವರಿದರೆ ಚಿನ್ನದ ಗಣಿ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದಲ್ಲಿ ನೆಲದಿಂದ ಚಿನ್ನ ತೆಗೆಯುವ ಮುಖ್ಯ ಜಾಗ ಇದೇ. ಪ್ರವಾಸಿಗರನ್ನು ಗಣಿಯೊಳಗೆ ಬಿಡುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ. ಹೊಸ ಗಣಿ ಶುರು ಮಾಡಿದವರಿಗೆ ಇಲ್ಲಿ ಸುಮಾರು 2000 ವರ್ಷ ಹಳೆಯ ಗುಂಡಿಗಳು ಸಿಕ್ಕಿದ್ದವು. 600 ಅಡಿಗೂ ಆಳ. ಸಿಡಿಮದ್ದಿಲ್ಲದ ಕಾಲ. ಬಂಡೆಗೆ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚುವುದು, ಕಾದ ಮೇಲೆ ನೀರು ಸುರಿಯುವುದು, ಬಿರುಕು ಬಿಟ್ಟದ್ದನ್ನು ಕಿತ್ತು ಮೇಲೆ ಹೊರುವುದು. ಆ ಆಳದಲ್ಲಿ ಹೊಗೆ ಎಲ್ಲಿಗೆ ಹೋಗುತ್ತಿತ್ತು ಅಂತ ನೆನೆಸಿಕೊಂಡರೆ ಉಸಿರು ಕಟ್ಟುತ್ತದೆ. ಅಶೋಕ ಇಷ್ಟು ದೂರ ಬಂದು ಬಂಡೆ ಬರೆಸಿದ್ದಕ್ಕೂ ಈ ಚಿನ್ನಕ್ಕೂ ನಂಟಿದೆ ಅಂತ ಹಲವರ ಲೆಕ್ಕ. ಶಾಸನಗಳಲ್ಲಿ ಬರುವ ಸುವರ್ಣಗಿರಿ ನಮ್ಮ ಕನಕಗಿರಿಯೇ ಅನ್ನುವವರೂ ಇದ್ದಾರೆ. ಹೆಸರಿನ ಅರ್ಥ ಒಂದೇ ನೋಡಿ.

ಊಟದ ವಿಷಯದಲ್ಲಿ ಮಾತ್ರ ಈ ದಾರಿಯನ್ನು ಮಿಕ್ಕ ಎರಡು ಮುಟ್ಟಲಾರವು. ಸಿಂಧನೂರು, ಲಿಂಗಸುಗೂರಿನ ಖಾನಾವಳಿಗಳಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬಡಿಸುವವರು ಸಾಕು ಅಂದರೂ ಇನ್ನೊಂದು ರೊಟ್ಟಿ ಹಾಕಿಯೇ ಹೋಗುತ್ತಾರೆ. ಊಟವಾದ ಮೇಲೆ ಗಾಡಿ ಓಡಿಸುವವರು ಅರ್ಧ ಗಂಟೆ ಮಲಗಿ ಎದ್ದು ಹೊರಡಿ. ಎರೆ ಹೊಲದ ನಡುವಿನ ನೆಟ್ಟಗಿನ ರಸ್ತೆಯಲ್ಲಿ ಮಧ್ಯಾಹ್ನ ಮೂರಕ್ಕೆ ನಿದ್ದೆ ಬರದಿದ್ದವರನ್ನು ನಾನು ನೋಡಿಲ್ಲ.

ರಾಯಚೂರಿನವರೇ ಆದರೆ ಮಸ್ಕಿಗೆ ಹೊರಡುವ ಮೊದಲು ಊರಿನ ಕೋಟೆಯ ಗೋಡೆ ನೋಡಿಕೊಳ್ಳಿ. ಆರೇಳು ಆಳಿನಷ್ಟು ಉದ್ದದ, 41 ಅಡಿಯ ಒಂದೇ ಕಲ್ಲು, 1294ರ ಶಾಸನ. ಆ ಕಲ್ಲನ್ನು ಕೋಣಗಳು ಗಾಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಗೋಡೆಯ ಮೇಲೆ ಕೆತ್ತಿದ್ದಾರೆ. ಚಕ್ರ, ನೊಗ, ಸಾಲು ಕೋಣ, ಓಡಿಸುವ ಆಳುಗಳು ಎಲ್ಲ ಇವೆ. ದಿನಾ ಬಸ್‌ಸ್ಟ್ಯಾಂಡಿಗೆ ಹೋಗುವವರು ಅದನ್ನು ನೋಡದೇ ದಾಟುತ್ತಾರೆ.

ಕೊನೆಗೆ ಯಾವುದು?

ಪೆಟ್ರೋಲ್ ಲೆಕ್ಕ ಹಾಕುವವರಿಗೆ ಬಳ್ಳಾರಿ ಸುತ್ತು. ಒಟ್ಟು ಎಂಬತ್ತು ಕಿಲೋಮೀಟರ್ ಒಳಗೆ ಮುಗಿಯುತ್ತದೆ. ಹಿರೇಬೆಣಕಲ್‌ಗೆ ಹೋಗಿ ಬಂದರೆ ನೂರೈವತ್ತರ ಹತ್ತಿರ, ಮಸ್ಕಿ ಹಟ್ಟಿ ಸೇರಿದರೆ ಅದರ ಎರಡರಷ್ಟು. ಆದರೆ ಹೀಗೆ ಲೆಕ್ಕ ಹಾಕಿದರೆ ಯಾರೂ ಮಸ್ಕಿಗೆ ಹೋಗುವುದಿಲ್ಲ.

ಫೋಟೊ ಹುಚ್ಚಿನವರು ಹಿರೇಬೆಣಕಲ್‌ಗೇ ಹೋಗಬೇಕು, ಅದೂ ಬೆಳಗಿನ ಬಿಸಿಲಿಗೆ. ಶಾಲೆಯಲ್ಲಿ ಅಶೋಕನ ಪಾಠ ನಡೆಯುತ್ತಿರುವ ಮಗು ಮನೆಯಲ್ಲಿದ್ದರೆ ಮಸ್ಕಿ. ಡ್ರೋನು ಹಾರಿಸಬೇಕು ಅಂತ ಹೊರಟವರು ಮೂರೂ ಬಿಡಿ, ಅನುಮತಿ ಬೇಕು. ಕಾರಿನಿಂದ ಇಳಿಯದೇ ನೋಡಬೇಕು ಅನ್ನುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಭಾನುವಾರದ ಜೊತೆ ಶನಿವಾರವೂ ಸಿಕ್ಕಿದರೆ ಎರಡನ್ನು ಜೋಡಿಸಬಹುದು. ಶನಿವಾರ ಬೆಳಿಗ್ಗೆ ಹಿರೇಬೆಣಕಲ್ ಹತ್ತಿ ಮಧ್ಯಾಹ್ನ ಇಳಿಯಿರಿ. ಸಂಜೆ ಕನಕಗಿರಿ. ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಅಂತ ಗಾದೆಯೇ ಇದೆ. ರಾತ್ರಿ ಗಂಗಾವತಿಯಲ್ಲಿ ಲಾಡ್ಜು. ಭಾನುವಾರ ಕಾರಟಗಿ, ಸಿಂಧನೂರು ಮೇಲೆ ಮಸ್ಕಿ. ಅಲ್ಲಿಂದ ಸಿರುಗುಪ್ಪ ದಾರಿ ಹಿಡಿದು ಬಳ್ಳಾರಿ. ಬರುವಾಗ ಕತ್ತಲಾಗುತ್ತದೆ. ಭತ್ತ ಕೊಯ್ಯುವ ಕಾಲ, ರಸ್ತೆ ಮೇಲೇ ರಾಶಿ ಒಣಗಲು ಹಾಕಿರುತ್ತಾರೆ. ಗುರುತಿಗೆ ಸುತ್ತ ಕಲ್ಲು ಇಟ್ಟಿರುತ್ತಾರೆ, ಲೈಟ್ ಇರಲ್ಲ. ಸಿಂಧನೂರು ದಾಟಿದ ಮೇಲೆ ನಲವತ್ತರ ಮೇಲೆ ಓಡಿಸಬೇಡಿ.